ಕಾಕಾ ಅವರ ತೊಟ್ಟಿಲು ಇಂಜಿನ್

ಕೂಕಟ್‌ಪಲ್ಲಿಯ ನಮ್ಮ ಫ್ಲ್ಯಾಟಿನಲ್ಲಿ ಮೊನ್ನೆ ಅಡುಗೆಮನೆ ಒರೆಸುವಾಗ ಹಳೆಯ ಕುಸುಬೆ ಎಣ್ಣೆಯ ಡಬ್ಬಿ ಸಿಕ್ಕಿತು. ಬಾಯಿಯ ಸುತ್ತ ಎಣ್ಣೆ ಒಣಗಿ ಗೋಂದಿನಂತಾಗಿ, ಮುಚ್ಚಳ ಜಪ್ಪಯ್ಯ ಅಂದರೂ ಏಳಲಿಲ್ಲ. ಬಿಸಿನೀರು ಹಾಕಿ ತಿರುಗಿಸಿದೆ. ಆ ಕಮಟು ವಾಸನೆ ಮೂಗಿಗೆ ಬಡಿದದ್ದೇ ತಡ, ಕಾಚಿಗೂಡದಲ್ಲಿ ನಮ್ಮ ಕೆಳಗಿನ ಮನೆಯಲ್ಲಿದ್ದ ಕಾಕಾ ಕಣ್ಣೆದುರು ಬಂದು ಕೂತರು...

ಮದುವೆಯಾಗಿ ಹೊಸದಾಗಿ ಈ ಊರಿಗೆ ಬಂದಾಗ ನಾವು ಅವರ ಮನೆಯ ಮಹಡಿಯಲ್ಲಿ ಬಾಡಿಗೆಗಿದ್ದೆವು. ಕಾಕಾ ರೈಲ್ವೆಯಿಂದ ರಿಟೈರಾದವರು, ಗದಗಿನ ಕಡೆಯವರು. ಬಚ್ಚಲ ಪಕ್ಕದ ಕೋಣೆಯೇ ಅವರ ವರ್ಕ್‌ಶಾಪು. ಅಲ್ಲಿ ಅರ ಹಿಡಿದು ಹಿತ್ತಾಳೆ ಉಜ್ಜುತ್ತಾ ಪುಟ್ಟದೊಂದು ಉಗಿ ಇಂಜಿನ್ ಕಟ್ಟುತ್ತಿದ್ದರು. ಅಂಥದ್ದನ್ನು ನಾನು ಎಲ್ಲೂ ಕಂಡಿರಲಿಲ್ಲ. ಉಗಿ ಹೊಕ್ಕರೆ ಬರೀ ಚಕ್ರ ತಿರುಗುವುದಲ್ಲ, ಸಿಲಿಂಡರೇ ಅತ್ತಿಂದಿತ್ತ ತೂಗಬೇಕು. ಹಾಗಾಗಿ ಅವರ ಹೆಂಡತಿ, ನಮ್ಮ ಕಾಕು, ಅದನ್ನು ತೊಟ್ಟಿಲು ಅಂತಲೇ ಕರೆಯುತ್ತಿದ್ದರು. ಕಾಕುಗೆ ಹೃದಯದ ಕಾಯಿಲೆ. ಅವರು ಇರುವಾಗಲೇ ಅದು ಒಮ್ಮೆ ತೂಗಬೇಕು, ಅವರು ನೋಡಬೇಕು ಎಂಬುದೊಂದೇ ಕಾಕಾ ಅವರ ಆಸೆ.

“ಏನ್ರಿ, ನಿಮ್ಮ ತೊಟ್ಟಲ ನಾ ಇರೂತನಕ ತೂಗತೈತೋ ಇಲ್ಲೋ?” ಎಂದು ಕಾಕು ರೊಟ್ಟಿ ಬಡಿಯುತ್ತಲೇ ಛೇಡಿಸುತ್ತಿದ್ದರು. ಕಾಕಾ ನಗುತ್ತಿದ್ದರು, ಅರದ ಸದ್ದು ಮಾತ್ರ ಜೋರಾಗುತ್ತಿತ್ತು.

ಆಯುಧಪೂಜೆಯ ಹೊತ್ತಿಗೆ ಇಂಜಿನ್ ತಯಾರಾಯಿತು. ಪೂಜೆಗಿಟ್ಟದ್ದನ್ನು ಅಂದು ನಡೆಸುವಂತಿಲ್ಲ. ಕಾಕು ಕುಂಕುಮ ಹಚ್ಚಿ, ಚೆಂಡುಹೂ ಏರಿಸಿ, ಹೊಲಿಗೆ ಮೆಷಿನ್ನಿಗೆ ಬಿಡುವಂತೆ ಅದರ ತೂತುಗಳಿಗೆಲ್ಲ ಅಡುಗೆಯ ಕುಸುಬೆ ಎಣ್ಣೆ ಬಿಟ್ಟರು. ಕಾಕಾ ಆಗ ನೋಡಲಿಲ್ಲ. ಮರುದಿನ, ಬನ್ನಿ ಕೊಡುವ ಹೊತ್ತಿಗೆ, ಕಾಕುಗೆ ಎದೆನೋವು ಬಂತು. ಆಸ್ಪತ್ರೆಯಿಂದ ಮರಳುವಷ್ಟರಲ್ಲಿ ದೀಪಾವಳಿ ಕಳೆದಿತ್ತು.

ಬಂದ ಮಧ್ಯಾಹ್ನವೇ ಕಾಕಾ, ಕಾಕುವನ್ನು ಕುರ್ಚಿಯಲ್ಲಿ ಕೂರಿಸಿ, ನನ್ನನ್ನೂ ಕರೆದು, ಬಾಯ್ಲರಿನ ಕೆಳಗೆ ದೀಪ ಹಚ್ಚಿದರು. ನೀರು ಕುದಿಯಿತು. ಕಿಟಕಿಯ ಬಿಸಿಲಿನಲ್ಲಿ ಉಗಿ ತೇಲಿ, ಕಾಕು ಮುಖ, ಗೋಡೆ, ಚೆಂಡುಹೂವಿನ ಒಣಸರ ಎಲ್ಲ ಕನಸಿನಲ್ಲಿ ಕಂಡಂತೆ ಮಸುಕಾದವು... ತೊಟ್ಟಿಲು ಅಲುಗಲಿಲ್ಲ. ಕಾಕಾ ಚಕ್ರವನ್ನು ಮುಟ್ಟಿ, ಬೆರಳು ಮೂಸಿ ನೋಡಿ, ದೀಪ ಆರಿಸಿದರು.

“ಉಗಿ ಸಾಲವಲ್ದು. ನಂದ ಲೆಕ್ಕ ತಪ್ಪೇತಿ,” ಅಂದರು.

“ಕೂಸು ಮಲಗಿರಬೇಕು ಬಿಡ್ರಿ, ಎಬ್ಬಸಬ್ಯಾಡ್ರಿ,” ಎಂದು ಕಾಕು ನಕ್ಕರು. ಮರುದಿನ ಬೆಳಿಗ್ಗೆ ಅವರೇ ಏಳಲಿಲ್ಲ.

ಕಾಕು ಬಿಟ್ಟ ಎಣ್ಣೆ ಒಣಗಿ ಇಂಜಿನ್ ಅಂಟಿಹೋಗಿದ್ದ ಸಂಗತಿಯನ್ನು ಕಾಕಾ ಎಷ್ಟೋ ದಿನಗಳ ಮೇಲೆ ನನಗೊಬ್ಬಳಿಗೇ ಹೇಳಿದರು. ನನಗೆ ತಡೆಯಲಾಗಲಿಲ್ಲ. “ಸೀಮೆಎಣ್ಣಿಯೊಳಗ ನೆನಸಿಟ್ರ ಬಿಡ್ತದಲ್ರಿ ಕಾಕಾ?” ಅಂದೆ.

“ಬಿಡ್ತೈತಿ ತಂಗಿ,” ಅಂದರು. “ಅಕಿ ಕೈಯಾರ ಹಾಕಿದ ಎಣ್ಣಿ ಅದು. ಹ್ಯಾಂಗ ತೊಳೀಲಿ?”

ಈಗ ಕಾಕಾ ಇಲ್ಲ. ಆ ಮನೆಯ ಜಾಗದಲ್ಲಿ ಲಾಡ್ಜ್ ಎದ್ದಿದೆ. ತೊಟ್ಟಿಲು ಯಾರ ಪಾಲಾಯಿತೋ... ಯಾರಾದರೂ ಅದನ್ನು ತಿಕ್ಕಿ ತೊಳೆದು ಓಡಿಸಿರಲೂಬಹುದು. ಡಬ್ಬಿಯ ಬಾಯಿ ಒರೆಸಲು ತಂದ ಬಟ್ಟೆಯನ್ನು ಪಕ್ಕಕ್ಕಿಟ್ಟು, ಹಾಗೆಯೇ ಮುಚ್ಚಿದೆ.