ನಮ್ಮ ಜಿಲ್ಲೆ ನಮಗೆ ಸಿಕ್ಕಿತು

ನಮ್ಮ ದ್ವೀಪದಲ್ಲಿ ರಾಗ್ನಾಳಷ್ಟು ದೊಡ್ಡ ಗಂಟಲು ಇನ್ನೊಬ್ಬರಿಗಿಲ್ಲ. ದಡಕ್ಕೆ ಬಂದ ಬೋಟಿನ ಹಗ್ಗ ಹಿಡಿದು ಕಂಬಕ್ಕೆ ಸುತ್ತುವುದು ಅವಳ ಕೆಲಸ. ಎಸೆದವನಿಗೆ ನಾಲ್ಕು ಬೈಗುಳ ಕೊಡದೆ ಅವಳು ಹಗ್ಗ ಹಿಡಿದದ್ದೇ ಇಲ್ಲ. ರಾಜಧಾನಿ ಓಸ್ಲೋದ ಸರ್ಕಾರದವರು ನಮ್ಮ ಜಿಲ್ಲೆಯನ್ನು ದಕ್ಷಿಣದ ಜಿಲ್ಲೆಗೆ ಸೇರಿಸಿದಾಗ ಆ ಗಂಟಲಿಗೆ ತಕ್ಕ ಕೆಲಸ ಸಿಕ್ಕಿತು. "ಒಂದ್ ಮಾತೂ ಕೇಳ್ದೆ ತಾಳಿ ಕಟ್ಸಿದ್ರೆ ಸಂಸಾರ ಆಗತ್ತೇನ್ರೋ?" ಎನ್ನುತ್ತಾ ಪಂಜು ಹಿಡಿದು ಮೆರವಣಿಗೆ ಹೊರಡಿಸಿದಳು. ನಾನೂ ಹಿಂದೆ ಹೋದೆ. ಹೋಗದಿದ್ದರೆ ಊರಲ್ಲಿ ಮುಖ ತೋರಿಸುವ ಹಾಗಿರಲಿಲ್ಲ.

ಕೊನೆಗೆ ಮತ ಹಾಕಿಸಿದರು, ನಾವು ಗೆದ್ದೆವು. ಬರುವ ಹೊಸ ವರ್ಷದಿಂದ ಜಿಲ್ಲೆ ಮತ್ತೆ ಬೇರೆ ಎಂದಾಯಿತು. ರಾಗ್ನಾ ಊರಿಗೆಲ್ಲ ವಾಫಲ್ ಎಂಬ ಸಿಹಿದೋಸೆ ಸುಟ್ಟು ಹಂಚಿದಳು.

ಕ್ರಿಸ್‌ಮಸ್ ಹತ್ತಿರ ಬಂದಾಗ ಸುದ್ದಿ ಬಂತು. ಬೋಟು ದಕ್ಷಿಣದ ಜಿಲ್ಲೆಯವರದ್ದು, ಹೊಸ ವರ್ಷದಿಂದ ಅದು ನಮ್ಮಲ್ಲಿಗೆ ಬರದೆ ಅವರ ಗಡಿಯ ಕೊನೆಯ ದ್ವೀಪಕ್ಕೆ ಬಂದು ತಿರುಗುತ್ತದೆ. ನಮ್ಮ ಜಿಲ್ಲೆಯ ಬೋಟು? ಅದು "ಯೋಜನೆಯಲ್ಲಿದೆ" ಎಂದರು. ರಾಗ್ನಾಳ ಗಂಡ ಓಡ್‌ಗೇರನ ಕಿಡ್ನಿ ಕೈಕೊಟ್ಟು ವರ್ಷಗಳಾಗಿವೆ. ವಾರಕ್ಕೆ ಮೂರು ಸಲ ಅದೇ ಬೋಟಿನಲ್ಲಿ ದಕ್ಷಿಣದ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಂಡು ಬಂದರೆ ಉಂಟು, ಇಲ್ಲದಿದ್ದರೆ ಅವನಿಲ್ಲ.

"ನನ್ ಕೈಯ್ಯಾರೆ ಅವನ ಕುತ್ತಿಗೆಗೆ ಕುಣಿಕೆ ಹಾಕ್ದೆ ಕಣೋ," ಎಂದಳು ನನ್ನ ಹತ್ತಿರ. ಸುಮ್ಮನಿರು ಮಾರಾಯ್ತಿ ಎಂದೆನೇ ಹೊರತು ಅವಳು ಹೇಳಿದ್ದು ಸುಳ್ಳು ಎನ್ನಲು ನನಗೆ ಬಾಯಿ ಬರಲಿಲ್ಲ.

ಹೊಸ ವರ್ಷದ ಮೊದಲ ಡಯಾಲಿಸಿಸ್ ಬಿರುಗಾಳಿಯಿಂದ ತಪ್ಪಿತು. ಓಡ್‌ಗೇರನ ಕಾಲು ಊದಿ ಬೂಟಿಗೆ ತೂರಲಿಲ್ಲ. ಆಸ್ಪತ್ರೆಯ ಹೆಲಿಕಾಪ್ಟರ್ ಕರೆಸೋಣ ಎಂದರೆ, "ನಡೆಯೋ ಮನುಷ್ಯನಿಗೆಂಥ ಹೆಲಿಕಾಪ್ಟರ್? ನಾಚ್ಕೆ ಆಗಲ್ವಾ?" ಎಂದ. ನಮ್ಮವರ ಬುದ್ಧಿಯೇ ಇಷ್ಟು. ಇನ್ನೊಬ್ಬರಿಗೆ ತೊಂದರೆ ಕೊಡುವುದಕ್ಕಿಂತ ಸಾಯುವುದು ವಾಸಿ.

ಸೋಮವಾರ ಬೆಳಿಗ್ಗೆ ರಾಗ್ನಾ ತಮ್ಮದೇ ಮೀನಿನ ದೋಣಿಗೆ ಅವನನ್ನು ಇಳಿಸಿದಳು. ಗಡಿಯ ದ್ವೀಪಕ್ಕೆ ತಲುಪಿಸಿದರೆ ಅಲ್ಲಿಂದ ಬೋಟು ಸಿಗುತ್ತದೆ. ಅವಳು ಬಾ ಎನ್ನಲಿಲ್ಲ, ನಾನು ಬರಲೇ ಎಂದು ಕೇಳಲೂ ಇಲ್ಲ. ಹೋಗಿ ಓಡ್‌ಗೇರನ ಪಕ್ಕ ಕೂತೆ. ಜನವರಿಯಲ್ಲಿ ನಮಗೆ ಸೂರ್ಯ ಹುಟ್ಟುವುದಿಲ್ಲ. ಅಲೆ ಕಾಣುವ ಮೊದಲೇ ಮೈಮೇಲೆ ಬೀಳುತ್ತಿತ್ತು. ನಾನು ಎರಡೂ ಕೈಯಲ್ಲಿ ದೋಣಿಯ ಅಂಚು ಹಿಡಿದುಕೊಂಡೆ.

"ತಪ್ಪಾಯ್ತು ಕಣೋ," ಎಂದಳು ಚುಕ್ಕಾಣಿ ಹಿಡಿದ ರಾಗ್ನಾ, ಗಂಡನಿಗೆ. "ನಾನು ಕೂಗಾಡಿದ್ದಕ್ಕೆ ನೀನು ಅನುಭವಿಸ್ತಿದೀಯ."

"ನೀನೊಬ್ಳೇ ಗೆಲ್ಸಿದ್ದಾ? ನಾನೂ ಬೇರೆ ಆಗ್ಲಿ ಅಂತ್ಲೇ ಮತ ಹಾಕ್ದೋನು."

"ಬೋಟು ನಿಲ್ಲತ್ತೆ ಅಂತ ನಿಂಗೆ ಗೊತ್ತಿರ್ಲಿಲ್ವಲ್ಲ."

"ಗೊತ್ತಿತ್ತು. ಬೋಟಲ್ಲಿ ಕೆಲ್ಸ ಮಾಡೋ ಹಿಲ್ಮಾರ್ ಮತಕ್ಕೆ ಮುಂಚೇನೇ ಹೇಳಿದ್ದ."

ರಾಗ್ನಾ ಎಂಜಿನ್ ವೇಗ ತಗ್ಗಿಸಿ ಅವನತ್ತ ತಿರುಗಿದಳು.

"ಮತ್ಯಾಕೋ, ಹಾಳಾದೋನೇ?"

"ಸತ್ರೆ ನಮ್ ಜಿಲ್ಲೇಲೇ ಸಾಯ್ಬೇಕು ಅಂತ," ಎಂದು ನಕ್ಕ. ನಗು ಕೆಮ್ಮಾಯಿತು, ಕೆಮ್ಮು ಏದುಸಿರಾಯಿತು.

"ನೀನು ಸಾಯೋಕೆ ಜಿಲ್ಲೆ ತಂದ್ನೇನೋ ನಾನು?" ಒದ್ದೆ ಕೈಗವುಸಿನಿಂದ ಅವನ ಹೆಗಲಿಗೆ ಬಾರಿಸಿ ರಾಗ್ನಾ ಗೊಳೋ ಎಂದು ಅತ್ತಳು.

ಗಡಿಯ ದ್ವೀಪದ ದಡದಲ್ಲಿ ಹಿಲ್ಮಾರ್ ಬೋಟಿನಿಂದ ಬಗ್ಗಿ ಓಡ್‌ಗೇರನತ್ತ ಕೈ ಚಾಚಿದ. ಮೊದಲ ಸಲ ಅಲೆ ನಮ್ಮನ್ನು ಕೆಳಗಿಳಿಸಿತು, ಕೈ ಸಿಗಲಿಲ್ಲ. ಎರಡನೇ ಸಲ ಸಿಕ್ಕಿತು, ಓಡ್‌ಗೇರ್ ಬೋಟು ಹತ್ತಿದ. ಬುಧವಾರ ಮತ್ತೆ ಬರಬೇಕು.