ಪತ್ರಿಕೆ ನೀರು

ಸೊಂಯ್ ಎಂದಿತು ನಲ್ಲಿ. ನೀರಿಗೆ ಮೊದಲು ಪೈಪಿನೊಳಗಿನ ಗಾಳಿ ಹೊರಬೀಳುವ ಸದ್ದು. ಬೆಳಿಗ್ಗೆ ಐದೂಮುಕ್ಕಾಲಿಗೆ ಅದು ಕೇಳಿದರೆ ಸವಳಂಗ ರಸ್ತೆ ಪಕ್ಕದ ಆ ಬಡಾವಣೆಯ ಹೆಂಗಸರು ಹಾಸಿಗೆ ಬಿಟ್ಟು ಏಳುತ್ತಿದ್ದರು. ಹೂವಪ್ಪ ರಸ್ತೆ ಬದಿಯ ಗುಂಡಿಯ ಹತ್ತಿರ ಕೂತು, ವಾಲ್ವ್ ತಿರುಗಿಸುವ ಉದ್ದನೆಯ ಕಬ್ಬಿಣದ ಕೀಲಿಗೆ ಕೈಯೂರಿ, ಆ ಸದ್ದು ಎಷ್ಟು ಹೊತ್ತು ಇರುತ್ತದೆಂದು ಕೇಳುತ್ತಿದ್ದ. ಮೊದಲೆಲ್ಲ ಅದು ಒಂದು ಉಸಿರಿನಷ್ಟು ಇರುತ್ತಿತ್ತು. ಎರಡು ಸಾವಿರದ ಎರಡರ ಆ ಬೇಸಿಗೆಯಲ್ಲಿ ಒಂದು ಬೀಡಿ ಸೇದಿ ಮುಗಿಸುವಷ್ಟಾಗಿತ್ತು.

ಒಂದೊಂದು ಅಡ್ಡರಸ್ತೆಗೂ ಸರದಿಯಂತೆ ನೀರು ಬಿಡುವುದು ಅವನ ಕೆಲಸ. ಸೇರಿದಾಗ ಇನ್ನೂ ಮದುವೆಯಾಗಿರಲಿಲ್ಲ. ನವುಲೆ ಕಡೆಗೆ ಹೋಗುವ ಈ ಜಾಗದಲ್ಲಿ ಆಗ ನಲವತ್ತು ಮನೆ, ಉಳಿದದ್ದು ಹೊಲ. ನಲ್ಲಿಗಳಿಗೆ ದಿನಾ ನೀರು ಬಿಟ್ಟರೂ ಮಿಕ್ಕುತ್ತಿತ್ತು. ಆಮೇಲೆ ಹೊಲ ಸೈಟಾಯಿತು, ಸೈಟು ಮನೆಯಾಯಿತು. ಮನೆಯ ಮೇಲೊಂದು ಮನೆ ಎದ್ದಿತು, ಅದರ ಮೇಲೆ ಬಾಡಿಗೆಗೆಂದು ಇನ್ನೊಂದು. ಅಣ್ಣತಮ್ಮಂದಿರು ಪಾಲಾದರೆ ನಡುವೆ ಗೋಡೆ ಬಂದು ನಲ್ಲಿ ಎರಡಾಗುತ್ತಿತ್ತು. ಮಣ್ಣಿನೊಳಗಿನ ಪೈಪು ಮಾತ್ರ ಅದೇ. ನೀರು ಎರಡು ದಿನಕ್ಕೊಮ್ಮೆ ಆಯಿತು, ಆಮೇಲೆ ಮೂರು ದಿನಕ್ಕೊಮ್ಮೆ.

ಲಗ್ನಪತ್ರಿಕೆ ಅಚ್ಚಾಗಿ ಬಂದರೆ ಮೊದಲನೆಯದು ಮನೆದೇವರಿಗೆ, ಎರಡನೆಯದು ಸೋದರಮಾವನಿಗೆ. ಈ ಬಡಾವಣೆಯಲ್ಲಿ ಎರಡನೆಯದು ಹೂವಪ್ಪನಿಗೆ. ನಾಲ್ಕು ಮೂಲೆಗೆ ಅರಿಶಿನ ಹಚ್ಚಿ, ಎಲೆಅಡಿಕೆ ಇಟ್ಟು ಕೊಡುವರು. “ಹೂವಪ್ಪಣ್ಣ, ನೀನು ಬರದೇ ಇದ್ರೂ ನಡೆಯುತ್ತೆ, ನೀರು ಬರ್ಬೇಕು ನೋಡು” ಎಂದು ನಗುವರು. ಶುಭಕಾರ್ಯದ ದಿನ ಅವನು ಆ ರಸ್ತೆಗೆ ಅರ್ಧ ಗಂಟೆ ಹೆಚ್ಚು ಬಿಡುತ್ತಿದ್ದ. ಅದಕ್ಕೆ ‘ಪತ್ರಿಕೆ ನೀರು’ ಎಂದೇ ಹೆಸರು ಬಿದ್ದಿತ್ತು. ವರ್ಷಕ್ಕೆ ಐದಾರು ಇದ್ದಾಗ ಅದೊಂದು ಮರ್ಯಾದೆ. ಮದುವೆಗೆ ಕರೆದವರು ಸೀಮಂತಕ್ಕೆ ಬಂದರು, ಸೀಮಂತಕ್ಕೆ ಕರೆದವರು ನಾಮಕರಣಕ್ಕೆ ಬಂದರು. ಹಿಂದಿನ ವರ್ಷ ಒಂದೇ ಭಾನುವಾರಕ್ಕೆ ಹನ್ನೊಂದು ಪತ್ರಿಕೆ! ಹನ್ನೊಂದಕ್ಕೂ ಹೂಂ ಎಂದುಬಿಟ್ಟಿದ್ದ. ಏಳನೆಯ ಮನೆಯ ಹೊತ್ತಿಗೆ ಟ್ಯಾಂಕು ಬರಿದು. ನೀರು ಸಿಗದ ನಾಲ್ಕು ಮನೆಯವರು ಬೈದರು. ಸಿಕ್ಕವರೂ ಬೈದರು, ಮುಂದಿನ ಸರದಿ ತಪ್ಪಿತೆಂದು. ಅವತ್ತಿನಿಂದ ಹೂವಪ್ಪ ಪತ್ರಿಕೆ ತೆಗೆದುಕೊಂಡ, ಊಟಕ್ಕೂ ಹೋದ; ಯಾರಿಗೂ ಒಂದು ಸುತ್ತು ಹೆಚ್ಚು ತಿರುಗಿಸಲಿಲ್ಲ.

ಅವನ ಮನೆ ಇದ್ದದ್ದು ನಾಲ್ಕನೇ ಅಡ್ಡರಸ್ತೆಯ ತುದಿಯ ದಿಬ್ಬದ ಮೇಲೆ. ಅಲ್ಲಿಗೆ ನೀರು ಹತ್ತುವುದೇ ಕೊನೆಗೆ. ಆ ಚೈತ್ರದಲ್ಲಿ ಮಗಳು ಹೇಮಶ್ರೀ ಅಲ್ಲಿಗೆ ಚೊಚ್ಚಲ ಬಾಣಂತನಕ್ಕೆ ಬಂದಳು. ಬಾಣಂತಿ ಸ್ನಾನವೆಂದರೆ ದಿನಕ್ಕೆ ಎರಡು ಹಂಡೆ ಬಿಸಿನೀರು ಬೇಕು. ಅವಳ ತಾಯಿ ಬಂಗಾರಮ್ಮ ಬೋರ್‌ವೆಲ್ಲಿನ ಸಾಲಿನಲ್ಲಿ ನಿಂತು ಕೊಡ ಹೊತ್ತು ಹೊತ್ತು, ಎರಡು ಹಂಡೆಯನ್ನು ಒಂದು ಮಾಡಿದಳು, ಒಂದನ್ನು ಅರ್ಧ ಮಾಡಿದಳು.

ಹೇಮಶ್ರೀಯ ಅತ್ತೆ ಹುಚ್ಚಮ್ಮ ಭದ್ರಾವತಿಯವರು, ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿದ್ದವರು. ಮಗುವನ್ನು ನೋಡಲು ಬಂದವರು ಮೂಗಿನ ಮೇಲೆ ಬೆರಳಿಟ್ಟರು.

“ಏನ್ ಬೀಗರೇ, ಊರಿಗೆಲ್ಲ ನೀರು ಬಿಡೋರ ಮನೇಲಿ ಹಸಿ ಬಾಣಂತಿಗೆ ಚೊಂಬಲ್ಲಿ ಸ್ನಾನವಾ? ನಾಮಕರಣಕ್ಕೆ ಬರ್ತೀನಲ್ಲ, ಆವತ್ತೂ ಹಿಂಗೇ ಇದ್ರೆ ಸೊಸೇನ, ಮಗೂನ ಜೊತೇಲೇ ಕರ್ಕೊಂಡು ಹೋಗ್ತೀನಿ. ಆಮೇಲೆ ಬೇಜಾರು ಮಾಡ್ಕೋಬಾರ್ದು.”

ಚೊಚ್ಚಲ ಬಾಣಂತನ ನಡುವೆ ನಿಂತು ಮಗಳು ವಾಪಸು ಹೋದರೆ ತವರಿಗೆ ಅದಕ್ಕಿಂತ ಅವಮಾನ ಉಂಟೇ? ಮರುದಿನ ಬಂಗಾರಮ್ಮ ಗಂಡನ ತಟ್ಟೆಯ ಪಕ್ಕ ಒಂದು ಕಾಗದ ಇಟ್ಟಳು. ನೋಟ್‌ಬುಕ್ಕಿನಿಂದ ಹರಿದ ಹಾಳೆ. ನಾಲ್ಕು ಮೂಲೆಗೂ ಅರಿಶಿನ.

“ಏನಿದು?”

“ಪತ್ರಿಕೆ. ಊರೋರದ್ದೆಲ್ಲ ತಗೊಂಡ್ರಲ್ಲ, ಮನೆಯೋರದ್ದೂ ತಗೊಳ್ಳಿ. ಬುಧವಾರ ನಾಮಕರಣ.”

“ತಮಾಷೆ ಮಾಡ್ಬೇಡ ಮಾರಾಯ್ತಿ. ಬುಧವಾರ ಮೂರನೇ ಕ್ರಾಸಿನ ಸರದಿ.”

“ಇಷ್ಟು ವರ್ಷದಲ್ಲಿ ನಾನು ಒಂದು ಕೊಡ ಹೆಚ್ಚು ಕೇಳಿದೀನೇನ್ರೀ?”

ಕೇಳಿರಲಿಲ್ಲ. ಅವನು ಅನ್ನ ಕಲಸುತ್ತಲೇ ಕೂತ. ಕೊನೆಗೆ ಹಾಳೆಯನ್ನು ಮಡಚಿ ಜೇಬಿಗೆ ಹಾಕಿಕೊಂಡ.

ಬುಧವಾರ ಮೂರನೇ ಅಡ್ಡರಸ್ತೆಯ ವಾಲ್ವನ್ನು ಅರ್ಧ ಗಂಟೆ ಮೊದಲೇ ಮುಚ್ಚಿ, ನಾಲ್ಕನೆಯದನ್ನು ಪೂರ್ತಿ ತಿರುಗಿಸಿ, ಓಡುನಡಿಗೆಯಲ್ಲಿ ದಿಬ್ಬ ಹತ್ತಿದ. ಬಂಗಾರಮ್ಮ ಮನೆಯಲ್ಲಿದ್ದ ಪಾತ್ರೆಯನ್ನೆಲ್ಲ ನಲ್ಲಿಯ ಸುತ್ತ ಜೋಡಿಸಿದ್ದಳು. ನಲ್ಲಿಯಲ್ಲಿ ಗಾಳಿ ಬಂತು. ಒಂದು ಚೊಂಬು ಕೆಂಪು ನೀರು ಬಂತು. ಮತ್ತೆ ಗಾಳಿ. ಕೆಳಗಿನ ಮನೆಗಳಿಂದ ಮೋಟರುಗಳ ಗುಂಯ್‌ಗುಡುವಿಕೆ ಕೇಳುತ್ತಿತ್ತು. ಪೈಪಿಗೇ ಮೋಟರು ಹಾಕಿ ಎಳೆಯುತ್ತಿದ್ದರು. ಗೊತ್ತಿದ್ದ ವಿಷಯವೇ. ಸರದಿಯಲ್ಲದ ದಿನ ನೀರು ಬಂದರೆ ಜನ ಇನ್ನೂ ಜೋರಾಗಿ ಎಳೆಯುತ್ತಾರೆ ಅನ್ನುವುದು ಮಾತ್ರ ಅವನಿಗೆ ಹೊಳೆದಿರಲಿಲ್ಲ.

ಮತ್ತೆ ಕೆಳಗೆ ಓಡಿದ. ದಿಬ್ಬದ ಬುಡದ ಮೊದಲ ಮನೆ ಷಡಕ್ಷರಪ್ಪನವರದು; ಮೂರು ಮಹಡಿ, ಆರು ಬಾಡಿಗೆ ಸಂಸಾರ.

“ಯಜಮಾನ್ರೇ, ಇಪ್ಪತ್ತು ನಿಮಿಷ ಮೋಟರ್ ಆಫ್ ಮಾಡಿ. ಮನೇಲಿ ನಾಮಕರಣ.”

“ಅಯ್ಯೋ, ನಿಂಗಿಲ್ಲ ಅಂತೀನಾ ಹೂವಪ್ಪ? ಆದ್ರೆ ನಾನು ಆಫ್ ಮಾಡಿದ್ರೆ ಪಕ್ಕದೋನು ಎಳ್ಕೋತಾನೆ. ಅವನಿಗೆ ಮೊದ್ಲು ಹೇಳು.”

ಪಕ್ಕದವನು ಷಡಕ್ಷರಪ್ಪನವರ ಕಡೆಗೇ ಕೈ ತೋರಿಸಿದ. ಹೂವಪ್ಪ ಒಂಬತ್ತು ಬಾಗಿಲು ತಟ್ಟಿದ. ಅಷ್ಟರಲ್ಲಿ ಮೂರನೇ ಅಡ್ಡರಸ್ತೆಯ ಹೆಂಗಸರು ಖಾಲಿ ಕೊಡ ಹಿಡಿದು ಮೂಲೆಗೆ ಬಂದಿದ್ದರು.

“ಮೊಮ್ಮಗನಿಗೆ ಪತ್ರಿಕೆ ನೀರು, ನಮಗೆ ಗಾಳಿ! ಎಲ್ರಿಗೂ ನಿಲ್ಲಿಸಿದ್ದು ಇದಕ್ಕೇ ಏನಣ್ಣ?”

ಅವನ ಮನೆಗೆ ಹತ್ತಿದ್ದು ಆ ಒಂದು ಚೊಂಬು ಕೆಂಪು ನೀರು ಮಾತ್ರ. ಹೇಳಿದರೆ ಯಾರು ನಂಬುತ್ತಾರೆ?

ಬೀಗರು ಟೆಂಪೋದಲ್ಲಿ ಇಪ್ಪತ್ತಮೂರು ಜನ ಬಂದರು. ಕಂದನನ್ನು ತೊಟ್ಟಿಲಿಗೆ ಹಾಕಿ ಹೆಸರು ಕೂಗಿದರು. ಉಂಡ ಕೈ ತೊಳೆಯಲು ಅರ್ಧರ್ಧ ಲೋಟ ನೀರು. ಹುಚ್ಚಮ್ಮ ಜಗಳವಾಡಲಿಲ್ಲ. ಬಚ್ಚಲಿಗೆ ಹೋಗಿ ಹಂಡೆಯ ಮುಚ್ಚಳ ತೆಗೆದು ನೋಡಿದರು, ಮುಚ್ಚಿದರು. ಹೊರಗೆ ಬಂದು ಸೊಸೆಗೆ, “ಬಟ್ಟೆ ತುಂಬ್ಕೊಳ್ಳವ್ವ” ಅಂದರು.

“ಅತ್ಗೆ, ಇನ್ನೊಂದು ವಾರ ನೋಡಿ” ಎಂದು ಬಂಗಾರಮ್ಮ ಕೈ ಹಿಡಿದುಕೊಂಡಳು.

“ನಂಗೇನು ಖುಷೀನಾ ತಾಯಿ? ಎರಡು ರೂಮಿನ ಕ್ವಾರ್ಟರ್ಸಲ್ಲಿ ಈಗಾಗ್ಲೇ ಒಂಬತ್ತು ಜನ. ಇವಳ ಮೈದುನಂದಿರು ಜಗಲೀಲಿ ಮಲಗ್ತಾರೆ. ಅಲ್ಲಿ ಕಾಲು ಚಾಚೋಕೆ ಜಾಗ ಇಲ್ಲ, ಇಲ್ಲಿ ನೀರಿಲ್ಲ. ಮಗುಗೆ ಯಾವುದು ಮೊದ್ಲು ಬೇಕು, ನೀನೇ ಹೇಳು.”

ಬಂಗಾರಮ್ಮ ಹಿಡಿದ ಕೈ ಬಿಟ್ಟಳು. ಹೇಮಶ್ರೀ ತಲೆಗೆ ಬಟ್ಟೆ ಕಟ್ಟಿಕೊಂಡು, “ಮಳೆ ಹಿಡಿದ ಮೇಲೆ ಬರ್ತೀನಪ್ಪ” ಅಂದಳು. ತಲೆಗೆ ನೀರು ಬಿದ್ದು ಆರು ದಿನವಾಗಿತ್ತು. ಹೊರಡುತ್ತೇನೆಂಬ ಸಣ್ಣ ನೆಮ್ಮದಿ ಅವಳ ಮುಖದಲ್ಲಿ ಕಂಡದ್ದೇ ಹೂವಪ್ಪನನ್ನು ಚುಚ್ಚಿತು. ಅವಳ ಮೇಲೆ ಸಿಟ್ಟು ಮಾಡುವುದು ಹೇಗೆ? ಹುಚ್ಚಮ್ಮನ ಮೇಲೂ ಬರಲಿಲ್ಲ. ಬಂದ ಸಿಟ್ಟಿಗೆ ಕೂರಲು ಒಂದು ಜಾಗವಿರಲಿಲ್ಲ.

ಟೆಂಪೋ ದಿಬ್ಬ ಇಳಿಯಿತು. ಅದರ ಹಿಂದೆಯೇ ಇಳಿದ ಹೂವಪ್ಪನನ್ನು ಷಡಕ್ಷರಪ್ಪ ಗೇಟಿನಲ್ಲಿ ತಡೆದರು.

“ಬೇಜಾರ್ ಮಾಡ್ಕೋಬೇಡ ಮಾರಾಯ. ತಪ್ಪು ನಂದೂ ಅಲ್ಲ, ನಿಂದೂ ಅಲ್ಲ. ಜನ ಜಾಸ್ತಿ ಆದ್ರು ನೋಡು. ಎಲ್ಲಿಂದ ಬರ್ತಾರೋ, ಹುಳ ಬಂದಂಗೆ!”

“ಹೌದು.”

“ಮೊನ್ನೆ ಒಬ್ಬ ಬಂದಿದ್ದ, ಗಂಡ ಹೆಂಡ್ತಿ, ನಾಲ್ಕು ಮಕ್ಳು. ಮನೆ ಇಲ್ಲ ಅಂದ್ರೂ ಬಿಡ್ಲಿಲ್ಲ. ಅದಕ್ಕೇ ಮೇಲೆ ಇನ್ನೊಂದು ಫ್ಲೋರ್ ಹಾಕೋಣ ಅಂತ. ನೀನು ಸ್ವಲ್ಪ ಮೇಲಿನೋರಿಗೆ ಹೇಳಿ ನಂಗೆ ಇನ್ನೊಂದು ನಲ್ಲಿ ಕನೆಕ್ಷನ್...”

ಹೂವಪ್ಪ ಆಗಲೇ ನಡೆಯತೊಡಗಿದ್ದ.

“ಏ ಹೂವಪ್ಪ! ನಿನ್ನ ಹತ್ರಾನೇ ಕಣಯ್ಯ ಮಾತಾಡ್ತಿರೋದು!”

ಅವನು ತಿರುಗಲಿಲ್ಲ. ಟೆಂಪೋ ಹೋದ ದಾರಿಯಲ್ಲೇ, ದೊಡ್ಡ ರಸ್ತೆಯ ಕಡೆಗೆ ಹೋದ.