ನಾಯಿ ಕೊಡುವವರು ಮನೆ ನೋಡಲು ಬಂದದ್ದು

ಎರಡು ಸಾವಿರದ ಇಸವಿ ದಾಟಿ ಎರಡು ಮೂರು ವರ್ಷವಾಗಿರಬೇಕು. ನಾನಾಗ ಹಲಸೂರಿನ ಒಂದು ಶಾಲೆಯಲ್ಲಿ ಹೊಲಿಗೆ ಟೀಚರ್. ಬಾಣಸವಾಡಿಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದೆ. ಶಾಲೆಯ ಹಿಂದಿನ ಗಲ್ಲಿಯಲ್ಲಿ ರಿಟೈರ್ ಆದ ನರ್ಸಮ್ಮ ಒಬ್ಬರಿದ್ದರು. ಬೀದಿಯಲ್ಲಿ ಏಟು ತಿಂದ ನಾಯಿಗಳನ್ನು ಎತ್ತಿಕೊಂಡು ಬಂದು, ಹಿತ್ತಲಿನಲ್ಲಿಟ್ಟು ವಾಸಿ ಮಾಡಿ, ಸಾಕುವವರು ಸಿಕ್ಕರೆ ಕೊಡುತ್ತಿದ್ದರು. ಅವರ ಗೇಟಿನ ಸಂದಿಯಿಂದ ಕಂದು ಬಣ್ಣದ ಒಂದು ಹೆಣ್ಣುನಾಯಿ ನನ್ನ ದಾರಿ ಕಾಯುತ್ತಿತ್ತು. ಅದಕ್ಕೆ ಒಂದೇ ಕಣ್ಣು. ಕಲ್ಯಾಣ ನಗರದ ಹತ್ತಿರ ರಿಂಗ್ ರೋಡಿನಲ್ಲಿ ಯಾವುದೋ ಗಾಡಿ ಗುದ್ದಿ ಇನ್ನೊಂದು ಹೋಗಿತ್ತಂತೆ. ನಾನು ಕೈ ಚಾಚಿದರೆ ಮೂತಿಯನ್ನು ಅಂಗೈಗೆ ಒತ್ತಿ ಸುಮ್ಮನೆ ನಿಂತುಬಿಡುತ್ತಿತ್ತು. ಎರಡು ವಾರ ಹೀಗಾದ ಮೇಲೆ, ಭಾನುವಾರಗಳಂದು ನನಗೆ ಏನೋ ಮರೆತುಬಂದಂತೆ ಅನ್ನಿಸತೊಡಗಿತು.

ಮನೆಯಲ್ಲಿ ಆಗಲೇ ಒಂದು ಬೆಕ್ಕಿತ್ತು. ಬೂದು ಪಟ್ಟೆಯ ಗಂಡುಬೆಕ್ಕು, ಒಂಬತ್ತು ವರ್ಷದ್ದು. ಅತ್ತೆ ತೀರಿಕೊಂಡ ಮೇಲೆ ಅದು ಮಾವನ ತೊಡೆ ಬಿಟ್ಟು ಎಲ್ಲೂ ಮಲಗಿದ್ದಿಲ್ಲ. ಮಾವ ತಮ್ಮ ತಟ್ಟೆಯ ಮೊದಲ ತುತ್ತು ಮೊಸರನ್ನ ಅದಕ್ಕಿಟ್ಟು ಆಮೇಲೆ ತಾವು ಉಣ್ಣುತ್ತಿದ್ದರು. ಹಾಗಾಗಿ ಎರಡನೇ ಪ್ರಾಣಿಯ ಮಾತೆತ್ತಲು ನನಗೆ ಒಂದು ತಿಂಗಳು ಹಿಡಿಯಿತು.

ಗಂಡ ಯೋಚನೆ ಮಾಡಿಯೇ ಹೇಳಿದರು, "ಎರಡೆರಡು ಪ್ರಾಣಿ ಅಂದ್ರೆ ತಿರುಪತಿಗೂ ಹೋಗೋ ಹಾಗಿಲ್ಲ ನೋಡು."

ಮಾವ ಯೋಚಿಸಲೂ ಇಲ್ಲ. "ಹೊಲ ಇದ್ದಾಗ ನಾಯಿ ಇತ್ತಮ್ಮಾ. ಈಗ ಹೊಲಾನೇ ಇಲ್ಲ, ಅದು ಬಂದು ಏನ್ ಕಾಯ್ತದೆ? ಬಾಡಿಗೆಯೋರ್ ಚಪ್ಪಲಿನಾ?"

ಅವರ ಹೊಲದಲ್ಲಿ ಆಗ ಮೂರು ಅಂತಸ್ತು ಎದ್ದಿತ್ತು. ನಾವು ಕೆಳಗೆ, ಬಾಡಿಗೆಯವರು ಮೇಲೆ. ನಾನು ಹಟ ಹಿಡಿಯಲಿಲ್ಲ. ಒಂದು ಸಲ ಮನೆಗೆ ಕರೆತಂದು ನೋಡೋಣ, ಆಮೇಲೆ ನೀವೇ ಹೇಳಿ ಎಂದೆ. ಮಾವ "ನೋಡು, ನೋಡೋಕೇನು" ಎಂದರು.

ಆದರೆ ನರ್ಸಮ್ಮ ನಾಯಿಯನ್ನು ಹಾಗೆಲ್ಲ ಕಳಿಸುವವರಲ್ಲ. ಒಂದು ಭಾನುವಾರ ಬೆಳಿಗ್ಗೆ ಆಟೋದಲ್ಲಿ ನಾಯಿಯ ಜೊತೆ ತಾವೇ ಬಂದರು. ಹೆಣ್ಣು ಕೊಡುವವರು ಗಂಡಿನ ಮನೆ ನೋಡುವ ಹಾಗೆ ಇಡೀ ಮನೆ ಸುತ್ತಿದರು. ಸಂದಿ ಎಷ್ಟಿದೆ ಎಂದು ಗೇಟಿನ ಕಂಬಿಗಳ ನಡುವೆ ತಮ್ಮ ಮುಷ್ಟಿ ತೂರಿಸಿದರು. ಸಂಪಿನ ಮುಚ್ಚಳ ತುಳಿದು ನೋಡಿದರು.

"ದೀಪಾವಳೀಲಿ ಪಟಾಕಿ ಹೊಡೆದ್ರೆ ಇವಳು ಎಲ್ಲಿ ಇರ್ತಾಳೆ? ನೀವಿಬ್ರೂ ಕೆಲ್ಸಕ್ಕೆ ಹೋದ್ರೆ ಮನೇಲಿ ಯಾರು?"

"ನಾನಿದ್ದೀನಲ್ಲಮ್ಮಾ," ಎಂದರು ಮಾವ, ಸ್ವಲ್ಪ ಬಿಗಿಯಾಗಿ.

ಅಷ್ಟರಲ್ಲಿ ಅವರ ತೊಡೆಯ ಮೇಲಿದ್ದ ಬೆಕ್ಕು ನಾಯಿಯನ್ನು ಕಂಡಿತು. ಮೈಯೆಲ್ಲ ಉಬ್ಬಿಸಿ ಎರಡರಷ್ಟಾಗಿ, ಹಾರಿ ಬಂದು ನಾಯಿಯ ಮೂಗಿಗೆ ಒಂದು ಬಾರಿಸಿ, ಟಿವಿ ಮೇಲೆ ಹತ್ತಿ ಕೂತಿತು. ನಾಯಿ ನಿಂತಲ್ಲೇ ಉಚ್ಚೆ ಹೊಯ್ದುಕೊಂಡು ನನ್ನ ಸೀರೆಯ ನೆರಿಗೆಯೊಳಗೆ ತಲೆ ತೂರಿಸಿತು.

ನರ್ಸಮ್ಮ ತಲೆಯಾಡಿಸಿದರು. "ಇಲ್ಲ ಮಾ, ಆಗಲ್ಲ. ಬೆಕ್ಕಿಗೆ ವಯಸ್ಸಾಗಿದೆ, ಇವಳಿಗೆ ಭಯ. ನಾನು ಬೇರೆ ಮನೆ ನೋಡ್ತೀನಿ."

ಆಟೋ ತಿರುಗಿ ಹೋಗುವ ತನಕ ಮಾವ ಬಾಗಿಲಲ್ಲೇ ನಿಂತಿದ್ದರು. ಆಮೇಲೆ ಒಳಗೆ ಬಂದು, "ನಮ್ಮನೆಗೆ ನಾಯಿ ಕೊಡಲ್ಲ ಅಂದ್ಬಿಟ್ರಾ ಆಯಮ್ಮ?" ಎಂದರು.

"ನೀನೇ ತಾನೆ ಬೇಡ ಅಂದಿದ್ದು?" ಎಂದರು ನನ್ನ ಗಂಡ.

"ನಾನ್ ಬೇಡ ಅನ್ನೋದು ಬೇರೆ ಕಣೋ. ಅವ್ರು ಕೊಡಲ್ಲ ಅನ್ನೋದು ಬೇರೆ."

ಮರುವಾರ ಮಧ್ಯಾಹ್ನ ಶಾಲೆ ಬಿಟ್ಟು ಹೊರಬಂದರೆ, ಮಾವ ಕಂಕುಳಲ್ಲಿ ಗೋಣಿಚೀಲ ಸುತ್ತಿಟ್ಟುಕೊಂಡು ನರ್ಸಮ್ಮನ ಗೇಟಿನ ಮುಂದೆ ನಿಂತಿದ್ದಾರೆ! ಒಂದು ವಾರ ತಮ್ಮ ತೊಡೆಯ ಮೇಲೆ ಬೆಕ್ಕಿಗೆ ಹಾಸಿದ್ದ ಚೀಲ ಅದು. ಇನ್ನೊಂದು ಕೈಯಲ್ಲಿ ಮಟನ್ ಮೂಳೆಯ ಪೊಟ್ಟಣ. ರಸೆಲ್ ಮಾರುಕಟ್ಟೆಗೆ ಹೂಕೋಸು ಹಾಕುತ್ತಿದ್ದ ಕಾಲದ ಪರಿಚಯದ ಅಂಗಡಿಯಿಂದ, ಹಿತ್ತಲಿನ ಅಷ್ಟೂ ನಾಯಿಗಳಿಗೆಂದು ತಂದಿದ್ದರು.

"ಹೊಸ ಎತ್ತು ತಂದ್ರೆ ಹಳೇ ಎತ್ತು ಹಾಯೋದು ಇದ್ದದ್ದೇ ಅಮ್ಮಾ," ಎಂದು ನರ್ಸಮ್ಮನಿಗೆ ವಿವರಿಸುತ್ತಿದ್ದರು. "ಅದರ ಚೀಲ ಇದಕ್ಕೆ, ಇದರ ಚೀಲ ಅದಕ್ಕೆ ಹಾಕ್ತಿದ್ವಿ. ವಾಸನೆ ಒಗ್ಗಿದ ಮೇಲೆ ನೊಗ. ಆತುರ ಪಡ್ಬಾರ್ದು."

ನರ್ಸಮ್ಮ ಸೊಂಟದ ಮೇಲೆ ಕೈಯಿಟ್ಟು ಅವರನ್ನೇ ನೋಡಿದರು. ಕೊನೆಗೆ ನಕ್ಕುಬಿಟ್ಟು, ತಮ್ಮ ತಮಿಳಿನಲ್ಲಿ ಹಿರಿಯರನ್ನು ಕರೆಯುವ ಹಾಗೆ ಕರೆದರು. "ಸರಿ ಪೆರಿಯವರೇ. ನಿಮ್ಮ ವೈದ್ಯ ಮಾಡಿ ನೋಡಿ."

ಅಲ್ಲಿಂದ ಮೂರು ವಾರ ಮಾವ ಗೋಣಿಚೀಲ ಹೊತ್ತು ಬಾಣಸವಾಡಿಗೂ ಹಲಸೂರಿಗೂ ಓಡಾಡಿದರು. ಬಸ್ಸಿನಲ್ಲಿ ಪಕ್ಕದವರು ಮೂಗು ಮುಚ್ಚಿಕೊಂಡರೆ "ಔಷಧಿ" ಎನ್ನುತ್ತಿದ್ದರಂತೆ. ನಾಯಿಯ ಚೀಲ ಮನೆಗೆ ಬಂದ ದಿನ ಬೆಕ್ಕು ಅದನ್ನು ಮೂಸಿ, ಮಣ್ಣು ಮುಚ್ಚುವ ಹಾಗೆ ನೆಲ ಕೆರೆದು, ಮಾವನಿಗೆ ಬೆನ್ನು ತಿರುಗಿಸಿ ಕೂತಿತು. ನಾನಂತೂ ಅಳುಕಿದೆ. ನನ್ನ ಒಂದು ಆಸೆಗೆ ಈ ಮುದಿ ಬೆಕ್ಕಿನ ನೆಮ್ಮದಿ ಕೆಡಿಸುತ್ತಿದ್ದೇನಲ್ಲ ಎನ್ನಿಸಿ, "ಬಿಡಿ ಮಾವ, ಬೇಡ" ಎಂದೂ ಹೇಳಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಗೇಟಿಗೆ ಜಾಲರಿ ಕಟ್ಟಿಸುವುದರಲ್ಲಿದ್ದರು. ಮೂರನೇ ವಾರ ನಾನು ಶಾಲೆಯಿಂದ ಬರುವಾಗ ಬೆಕ್ಕು ನಾಯಿಯ ಚೀಲದ ಮೇಲೆ ಹೊಟ್ಟೆ ಮೇಲೆ ಮಾಡಿಕೊಂಡು ಗೊರಕೆ ಹೊಡೆಯುತ್ತಿತ್ತು.

ನರ್ಸಮ್ಮ ಮತ್ತೆ ಬಂದರು. ಈ ಸಲ ಬೆಕ್ಕು ಕಿಟಕಿಯಿಂದ ಇಳಿದು ನಾಯಿಯ ಹತ್ತಿರ ಬಂತು. ಮೂಗಿಗೆ ಒಂದು ಕೊಟ್ಟಿತು, ಆದರೆ ಉಗುರಿಲ್ಲದ ಏಟು. ನಾಯಿ ನೆಲಕ್ಕೆ ಗದ್ದ ಊರಿ ಮಲಗಿತು. ಬೆಕ್ಕು ಒಂದು ಮಾರು ದೂರದಲ್ಲಿ ಕೂತು ಕಾಲು ನೆಕ್ಕಿಕೊಳ್ಳತೊಡಗಿತು. ನರ್ಸಮ್ಮ ಎರಡು ಲೋಟ ಕಾಫಿ ಕುಡಿಯುತ್ತಾ ಒಂದು ಗಂಟೆ ಅವೆರಡನ್ನೇ ನೋಡಿದರು. ಕೊನೆಗೆ ಲೋಟ ಕೆಳಗಿಟ್ಟು, "ಪೆರಿಯವರೇ, ಇವಳ ಬೆಲ್ಟ್ ಬಿಚ್ಚಿ," ಎಂದರು.

ಕೊಕ್ಕೆ ತಪ್ಪಿಸಲು ಮಾವನಿಗೆ ಮೂರು ಸಲ ಬೇಕಾಯಿತು. ನನಗೆ ಅಳು ಬಂತು. ಗಂಡ ನನ್ನನ್ನು ನೋಡಿ "ತಿರುಪತಿ ಹೋಯ್ತು" ಎಂದು ನಕ್ಕರು.

ಅವೆರಡೂ ಪ್ರಾಣಸ್ನೇಹಿತರೇನೂ ಆಗಲಿಲ್ಲ. ಬೆಕ್ಕು ಊಟ ಮುಗಿಸುವ ತನಕ ನಾಯಿ ಅಡುಗೆಮನೆಯ ಹೊಸ್ತಿಲು ದಾಟುತ್ತಿರಲಿಲ್ಲ. ಗುಡುಗು ಬಂದರೆ ಮಾತ್ರ ಎರಡೂ ಒಂದೇ ಮಂಚದ ಕೆಳಗೆ ಸೇರುತ್ತಿದ್ದವು. ಆ ಡಿಸೆಂಬರಿನ ಚಳಿಯಲ್ಲಿ ಮಾವ ಬೆಳಗಿನ ಬಿಸಿಲಿಗೆ ಅಂಗಳದಲ್ಲಿ ಕುರ್ಚಿ ಹಾಕಿಸಿಕೊಳ್ಳುತ್ತಿದ್ದರು. ತೊಡೆಯ ಮೇಲೆ ಒಂದು, ಪಾದಗಳ ಮೇಲೆ ಇನ್ನೊಂದು. "ಅಮ್ಮಾ, ಕಾಫಿ ಇಲ್ಲೇ ತಂದ್ಕೊಡಮ್ಮಾ," ಎಂದು ಕೂಗುತ್ತಿದ್ದರು, "ನನ್ನ ಎದ್ದೇಳಕ್ಕೆ ಬಿಡ್ತಿಲ್ಲ ಇವು." ಶಾಲೆಗೆ ಹೊತ್ತಾಗುತ್ತಿದ್ದರೂ ನಾನು ಎರಡು ಲೋಟ ಹಿಡಿದು ಹೋಗಿ, ಅವರ ಪಕ್ಕದ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದೆ.